ಕಂಕುಳಲ್ಲೊಂದು, ಹೊಟ್ಟೆಯಲ್ಲೊಂದು: ಎರಡನೆಯ ಬಸಿರಿಗೆ ಮನೆಯನ್ನು ಅಣಿಗೊಳಿಸುವ ಬಗೆ

ಚೊಚ್ಚಲ ಬಸಿರಿನಲ್ಲಿ ಮನೆಮಂದಿಯೆಲ್ಲ ಬಸುರಿಯ ಹಿಂದೆ ಓಡಾಡುತ್ತಾರೆ. ಎರಡನೆಯದರಲ್ಲಿ ಬಸುರಿಯೇ ಪುಟ್ಟ ಮಗುವಿನ ಹಿಂದೆ ಓಡುತ್ತಿರುತ್ತಾಳೆ. ನನಗೆ ಎರಡನೆಯ ಬಾರಿ ದಿನ ನಿಂತಾಗ ಮಗಳಿಗೆ ಒಂದು ವರ್ಷ ಹತ್ತು ತಿಂಗಳು. ಹುಟ್ಟಲಿರುವ ಕೂಸಿಗೆ ಬೇಕಾದ ತೊಟ್ಟಿಲು, ಕುಲಾವಿ, ಹಳೆಯ ಹತ್ತಿಬಟ್ಟೆಗಳೆಲ್ಲ ಅಟ್ಟದ ಮೇಲೆ ಸಿದ್ಧವಾಗಿಯೇ ಇದ್ದುದರಿಂದ ಈ ಸಲ ಮಾಡುವುದೇನೂ ಇಲ್ಲವೆಂದು ನಾನು ನಿಶ್ಚಿಂತೆಯಿಂದಿದ್ದೆ. ಸಿದ್ಧತೆ ಬೇಕಾಗಿದ್ದುದು ದೊಡ್ಡ ಮಗುವಿಗೆ, ಅದೂ ಹೊಟ್ಟೆ ಅಡ್ಡ ಬರುವುದಕ್ಕೆ ಮೊದಲೇ, ಎಂಬುದು ಐದನೆಯ ತಿಂಗಳಿನಲ್ಲಷ್ಟೇ ಹೊಳೆಯಿತು.

ಎಲ್ಲಕ್ಕಿಂತ ಮೊದಲು ವೈದ್ಯರನ್ನು ಕಾಣಬೇಕು. ‘ಹೋದ ಸಲ ಎಲ್ಲ ಸಲೀಸಾಗಿತ್ತಲ್ಲ’ ಎಂದು ಮೊದಲ ತಪಾಸಣೆಯನ್ನು ಮುಂದೂಡುವುದು ಎರಡನೆಯ ಬಸಿರಿನಲ್ಲಿ ಬಹುತೇಕರು ಮಾಡುವ ತಪ್ಪು. ಹಿಂದಿನ ತಾಯಿ ಕಾರ್ಡ್ ಮತ್ತು ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿಯನ್ನು ಹುಡುಕಿ ಜೊತೆಗೆ ಒಯ್ಯಿರಿ. ಒಂದು ಹೆರಿಗೆಯ ನಂತರ ಮತ್ತೆ ಬಸುರಿಯಾಗಲು ಕನಿಷ್ಠ 24 ತಿಂಗಳು ಕಾಯುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಿಂತ ಮೊದಲೇ ಬಸಿರು ನಿಂತಿದ್ದರೆ ಕೊರಗುವ ಅಗತ್ಯವಿಲ್ಲ, ಆದರೆ ಹಿಂದಿನ ಹೆರಿಗೆ ಮತ್ತು ಎದೆಹಾಲಿನಿಂದ ಬರಿದಾದ ಕಬ್ಬಿಣದಂಶ ಇನ್ನೂ ತುಂಬಿಕೊಂಡಿರಲಾರದ ಕಾರಣ ಹಿಮೋಗ್ಲೋಬಿನ್ ಪರೀಕ್ಷೆಯನ್ನು ಆರಂಭದಲ್ಲೇ ಮಾಡಿಸಬೇಕು. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಅದರ ಕಾರಣವನ್ನೂ ದಿನಾಂಕವನ್ನೂ ತಿಳಿಸಿ, ಏಕೆಂದರೆ ಈ ಸಲ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ ಎಂಬ ನಿರ್ಧಾರದಲ್ಲಿ ಹೊಲಿಗೆಯ ಬಗೆಯ ಜೊತೆಗೆ ಎರಡು ಹೆರಿಗೆಗಳ ನಡುವಿನ ಅಂತರವೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದು ಮೊದಲ ಮಗುವಿನದು ಪಾಸಿಟಿವ್ ಆಗಿದ್ದರೆ, ಅಂದು ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಟ್ಟಿದ್ದರೇ ಎಂದು ಹಳೆಯ ಚೀಟಿಯಲ್ಲಿ ನೋಡಿಕೊಳ್ಳಿ. ತಾಯಿಯ ಮೈ ಕೂಸಿನ ರಕ್ತಕಣಗಳ ಮೇಲೆ ತಿರುಗಿಬೀಳುವ ಈ ತೊಡಕು ತಲೆದೋರುವುದು ಸಾಮಾನ್ಯವಾಗಿ ಎರಡನೆಯ ಬಸಿರಿನಲ್ಲೇ. ಧನುರ್ವಾಯು ಮತ್ತು ಗಂಟಲಮಾರಿಯನ್ನು ತಡೆಯುವ ಟಿ.ಡಿ. ಚುಚ್ಚುಮದ್ದಿನ ಎರಡೂ ಡೋಸುಗಳನ್ನು ಕಳೆದ ಮೂರು ವರ್ಷಗಳೊಳಗಿನ ಬಸಿರಿನಲ್ಲಿ ತೆಗೆದುಕೊಂಡಿದ್ದರೆ ಈಗ ಒಂದು ಬೂಸ್ಟರ್ ಸಾಕು.

ಕಬ್ಬಿಣದ ಮಾತ್ರೆಗಳನ್ನು ನಾಲ್ಕನೆಯ ತಿಂಗಳಿನಿಂದ 180 ದಿನ ನುಂಗಬೇಕಾಗುತ್ತದೆ. ಕಾಫಿ, ಚಹಾ ಮತ್ತು ಕ್ಯಾಲ್ಸಿಯಂ ಮಾತ್ರೆಯಿಂದ ಎರಡು ಗಂಟೆಯಾದರೂ ದೂರವಿಟ್ಟು, ಸಾಧ್ಯವಾದರೆ ನಿಂಬೆಹಣ್ಣಿನ ಪಾನಕದೊಂದಿಗೆ ತೆಗೆದುಕೊಂಡರೆ ಅದು ಮೈಗೆ ಹತ್ತುತ್ತದೆ. ಇದು ಎಲ್ಲ ಬಸುರಿಯರಿಗೂ ಗೊತ್ತಿರುವ ಮಾತು. ಪುಟ್ಟ ಮಗುವಿರುವ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಆ ಕೆಂಪು ಮಾತ್ರೆ ಮಗುವಿನ ಕಣ್ಣಿಗೆ ಪೆಪ್ಪರ್‌ಮೆಂಟಿನಂತೆ ಕಾಣುತ್ತದೆ, ಮತ್ತು ಬಸುರಿಗೆ ಔಷಧಿಯಾಗುವ ಕಬ್ಬಿಣ ಒಂದೇ ಸಲಕ್ಕೆ ಹಲವು ಮಾತ್ರೆ ಹೊಟ್ಟೆಗೆ ಹೋದರೆ ಮಗುವಿಗೆ ಪ್ರಾಣಾಪಾಯದ ವಿಷ. ಒಂದು ಮಧ್ಯಾಹ್ನ ಅಡುಗೆಮನೆಯಿಂದ ಹೊರಬಂದಾಗ ಮಗಳು ಕಿಟಕಿಯ ಕಟ್ಟೆಯ ಮೇಲಿದ್ದ ಪಟ್ಟಿಯನ್ನು ಕೆಳಗೆಳೆದು, ಒಂದು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, ಉಗುರಿನಿಂದ ಅದರ ಬಣ್ಣ ಕೆರೆಯುತ್ತಾ ಕುಳಿತಿದ್ದಳು. ಪಟ್ಟಿಯಲ್ಲಿ ಉಳಿದದ್ದನ್ನು ಎಣಿಸುವಾಗ ನನ್ನ ಕೈ ನಡುಗುತ್ತಿತ್ತು. ಅಂದಿನಿಂದ ಮಾತ್ರೆಗಳು ಬೀರುವಿನ ಮೇಲಿನ ಅರೆಯಲ್ಲಿ, ಬೀಗದೊಳಗೆ. ಮಗು ನುಂಗಿರಬಹುದೆಂಬ ಸಂದೇಹ ಬಂದರೂ ಸಾಕು, ವಾಂತಿ ಆಗಲಿ ಆಮೇಲೆ ನೋಡೋಣ ಎಂದು ಕಾಯದೆ, ಖಾಲಿ ಪಟ್ಟಿಯನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಓಡಬೇಕು.

ಊಟದ ವಿಷಯದಲ್ಲಿ ಹೆಚ್ಚೇನೂ ಹೇಳಬೇಕಾಗಿಲ್ಲ. ಮಗು ಬಿಟ್ಟ ನಾಲ್ಕು ತುತ್ತನ್ನೇ ತನ್ನ ಊಟವೆಂದು ಮುಗಿಸುವ ಅಭ್ಯಾಸವನ್ನು ಬಿಡಬೇಕು, ಅಷ್ಟೆ. ನಮ್ಮ ರಾಜ್ಯದಲ್ಲಿ ಬಸುರಿ-ಬಾಣಂತಿಯರಿಗೆ ಪೌಷ್ಟಿಕ ಊಟ ಕೊಡಲು 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಬಗ್ಗೆ ಹತ್ತಿರದ ಅಂಗನವಾಡಿಯಲ್ಲಿ ವಿಚಾರಿಸಿ, ಅಲ್ಲಿಯೇ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯನ್ನೂ ಕೇಳಿಕೊಳ್ಳಿ: ಎರಡನೆಯದು ಹೆಣ್ಣುಮಗುವಾದರೆ ಅರ್ಹ ತಾಯಂದಿರಿಗೆ 6,000 ರೂಪಾಯಿ ದೊರೆಯುತ್ತದೆ. ಉದ್ಯೋಗದಲ್ಲಿರುವವರು ಎರಡನೆಯ ಹೆರಿಗೆಗೂ 26 ವಾರಗಳ ಸಂಬಳಸಹಿತ ರಜೆ ಉಂಟೆಂಬುದನ್ನು ನೆನಪಿಟ್ಟುಕೊಂಡು, ಹೆರಿಗೆಗೆ ಮುನ್ನ ಅದರಲ್ಲಿ ಎಷ್ಟು ವಾರ ಬಳಸಬೇಕೆಂದು ಲೆಕ್ಕ ಹಾಕಿಕೊಳ್ಳಬಹುದು. ಗರಿಷ್ಠ 8 ವಾರ.

ಎತ್ತಿಕೊಳ್ಳುವ ವಿಚಾರದಲ್ಲಿ ಮನೆಯ ಹಿರಿಯರು ಹೆದರಿಸುವಷ್ಟು ಅಪಾಯವಿಲ್ಲ. ರಕ್ತಸ್ರಾವವೋ ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯೋ ಇದ್ದು ವೈದ್ಯರು ಬೇಡವೆಂದಿದ್ದರೆ ಮಾತ್ರ ಪೂರ್ತಿ ನಿಲ್ಲಿಸಬೇಕು. ಉಳಿದವರು ಸೊಂಟ ಬಗ್ಗಿಸದೆ ಮಂಡಿ ಮಡಚಿ ಕುಳಿತು, ಮಗುವನ್ನು ಎದೆಗೆ ಒತ್ತಿಕೊಂಡು ಎದ್ದರೆ ಬೆನ್ನಿಗೆ ಹೊರೆ ಕಡಿಮೆ. ಆರನೆಯ ತಿಂಗಳಿನ ನಂತರ ನಾನು ಎತ್ತುವುದರ ಬದಲು ಕೂರುವುದನ್ನು ರೂಢಿ ಮಾಡಿಕೊಂಡೆ: ‘ಬಾ, ನಾನು ಕೂತೆ’ ಎಂದರೆ ಮಗಳೇ ಮಂಚವನ್ನು ಹತ್ತಿ ಮಡಿಲಿಗೆ ಬರುತ್ತಿದ್ದಳು. ‘ಹೊಟ್ಟೆಯಲ್ಲಿ ಪಾಪು ಇದೆ, ಎತ್ತಿಕೊಳ್ಳುವುದಿಲ್ಲ’ ಎಂಬ ಮಾತನ್ನು ಮಾತ್ರ ಆಡಬೇಡಿ. ‘ಅಮ್ಮನಿಗೆ ಬೆನ್ನು ನೋಯುತ್ತಿದೆ’ ಎನ್ನಿ. ಹುಟ್ಟದ ಕೂಸಿನ ಮೇಲೆ ಈಗಲೇ ದೂರು ಹೊರಿಸುವುದು ಬೇಡ.

ಮೊದಲ ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದರೆ, ಬಸುರಿಯ ಹಾಲು ಕುಡಿದ ಮಗು ಸೊರಗುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಆ ಹಾಲಿನಲ್ಲಿ ಕೇಡೇನೂ ಇಲ್ಲ. ನಾಲ್ಕೈದನೆಯ ತಿಂಗಳ ಹೊತ್ತಿಗೆ ಹಾಲು ತಾನಾಗಿ ಇಳಿಯುತ್ತದೆ, ರುಚಿಯೂ ಬದಲಾಗುತ್ತದೆ, ಹಲವು ಮಕ್ಕಳು ತಾವೇ ಬಿಟ್ಟುಬಿಡುತ್ತವೆ. ಮಗು ಸೊರಗುವುದು ನಿಜವಾದರೆ ಅದಕ್ಕೆ ಕಾರಣ ಹಾಲಿನ ಜಾಗದಲ್ಲಿ ತಕ್ಕ ಆಹಾರ ಬಾರದಿರುವುದು. ವೈದ್ಯೆ ಸಿಸಿಲಿ ವಿಲಿಯಮ್ಸ್ 1930ರ ದಶಕದಲ್ಲಿ ಈಗಿನ ಘಾನಾ ದೇಶದಲ್ಲಿ ಕಂಡು ವಿವರಿಸಿದ ಕ್ವಾಶಿಯೋರ್ಕರ್ ಎಂಬ ಅಪೌಷ್ಟಿಕತೆಯ ರೋಗದ ಹೆಸರು, ಅಲ್ಲಿನ ನುಡಿಯಲ್ಲಿ, ಮುಂದಿನ ಕೂಸು ಬಂದಾಗ ಹಿಂದಿನ ಮಗುವಿಗೆ ಹಿಡಿಯುವ ಕಾಯಿಲೆ ಎಂಬರ್ಥದ್ದು. ಹಾಗಾಗಿ ಬೇವು ಹಚ್ಚಿ ಒಂದೇ ದಿನದಲ್ಲಿ ಬಿಡಿಸುವುದನ್ನು ಬಿಟ್ಟು, ಮೊದಲು ಹಗಲಿನ ಒಂದು ಸಲ, ವಾರ ಕಳೆದ ಮೇಲೆ ಇನ್ನೊಂದು ಸಲ ಎಂದು ಇಳಿಸುತ್ತಾ, ಬೇಳೆ, ಮೊಟ್ಟೆ, ಹಾಲು, ಮೊಸರನ್ನು ಮಗುವಿನ ಊಟಕ್ಕೆ ಸೇರಿಸಿ. ರಾತ್ರಿಯ ಹಾಲನ್ನು ಕೊನೆಗೆ ಬಿಡಿಸಿ.

ಇನ್ನು ಈ ಬರಹದ ಮುಖ್ಯ ವಿಷಯ. ತಾಯಿಯೇ ಮಾಡಬೇಕೆಂದು ಮಗು ಹಟ ಹಿಡಿಯುವ ಕೆಲಸಗಳಾದ ಸ್ನಾನ, ಊಟ, ಮಲಗಿಸುವುದು ಮೂರನ್ನೂ ಹೆರಿಗೆಗೆ ಎರಡು ತಿಂಗಳಿರುವಾಗಲೇ ಬೇರೆಯವರ ಕೈಗೆ ದಾಟಿಸಿ ಮುಗಿಸಿರಬೇಕು. ಅಷ್ಟು ಮೊದಲೇ ಆದ ಬದಲಾವಣೆಯನ್ನು ಮಗು ಕೂಸಿನೊಂದಿಗೆ ತಳಕು ಹಾಕುವುದಿಲ್ಲ. ಹಾಸಿಗೆ ಬದಲಿಸುವುದು, ಆಟದ ಶಾಲೆಗೆ ಸೇರಿಸುವುದಕ್ಕೂ ಇದೇ ಲೆಕ್ಕ. ಚಡ್ಡಿ ಒದ್ದೆ ಮಾಡಿಕೊಳ್ಳದಂತೆ ಕಲಿಸುವುದನ್ನು ಮಾತ್ರ ಆ ವೇಳೆಗೆ ಆರಂಭಿಸಿಲ್ಲವಾದರೆ ಕೂಸಿಗೆ ಮೂರು ತಿಂಗಳಾಗುವವರೆಗೆ ಬಿಟ್ಟುಬಿಡಿ. ನಮ್ಮಲ್ಲಿ ಸ್ನಾನ ಸುಲಭವಾಗಿ ದಾಟಿತು, ನಿದ್ರೆ ದಾಟಲಿಲ್ಲ. ಮಗಳಿಗೆ ನನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳದೆ ನಿದ್ದೆ ಹತ್ತುತ್ತಿರಲಿಲ್ಲ. ಆರು ರಾತ್ರಿ ಅವಳು ಅತ್ತಳು, ನನ್ನ ಗಂಡ ಅವಳನ್ನು ಹೆಗಲಿಗೆ ಹಾಕಿಕೊಂಡು ಹಜಾರದಲ್ಲಿ ತಿರುಗಿದರು, ನಾನು ಕೋಣೆಯ ಬಾಗಿಲ ಹಿಂದೆ ನಿಂತಿದ್ದೆ. ಏಳನೆಯ ರಾತ್ರಿ ನನ್ನ ಹಳೆಯ ಹತ್ತಿ ಸೀರೆಯೊಂದನ್ನು ಅವರ ಹೆಗಲ ಮೇಲೆ ಹಾಕಿ ಕಳುಹಿಸಿದೆ. ಅದರ ಅಂಚನ್ನು ಬೆರಳಿಗೆ ಸುತ್ತಿಕೊಂಡು, ‘ಅಪ್ಪ ಸೀರೆ’ ಎಂದು ನಗುತ್ತಲೇ ಮಲಗಿದಳು. ನಾನು ಆಸ್ಪತ್ರೆಯಲ್ಲಿದ್ದ ಮೂರು ರಾತ್ರಿಯೂ ಆ ಸೀರೆ ಕೆಲಸ ಮಾಡಿತು.

ಸುದ್ದಿಯನ್ನು ಮಗುವಿಗೆ ಹೊಟ್ಟೆ ಕಾಣತೊಡಗಿದ ಮೇಲೆ ಹೇಳಿದರೆ ಸಾಕು. ತಿಂಗಳುಗಳ ಲೆಕ್ಕ ಅದಕ್ಕೆ ತಿಳಿಯದು. ‘ಯುಗಾದಿಗೆ ಹೋಳಿಗೆ ತಿಂದ ಮೇಲೆ ಪಾಪು ಬರುತ್ತದೆ’ ಎಂದರೆ ತಿಳಿಯುತ್ತದೆ. ಬಂದವರೆಲ್ಲ ಮಗುವನ್ನು ನಿಲ್ಲಿಸಿಕೊಂಡು ‘ತಮ್ಮ ಬೇಕಾ, ತಂಗಿ ಬೇಕಾ’ ಎಂದು ಕೇಳಿ, ಅದರ ಬಾಯಿಂದ ಬಂದದ್ದನ್ನೇ ಶಕುನವೆಂದು ಹಿಡಿಯುವ ರೂಢಿಯನ್ನು ನಯವಾಗಿ ತಡೆಯಿರಿ. ‘ತಮ್ಮ’ ಎಂದು ನೂರು ಸಲ ಹೇಳಿಸಿಕೊಂಡ ಮಗುವಿಗೆ ತಂಗಿ ಹುಟ್ಟಿದಾಗ ಅದರ ಮುಖ ನೋಡುವಂತಿರುವುದಿಲ್ಲ. ದೊಡ್ಡವರ ಮುಖದ ಮಾತು ಬೇರೆಯೇ. ಇದಕ್ಕಿಂತಲೂ ಕೆಟ್ಟದ್ದು ‘ಇನ್ನು ನಿನ್ನನ್ನು ಯಾರೂ ಮುದ್ದು ಮಾಡುವುದಿಲ್ಲ’ ಎಂಬ ತಮಾಷೆ. ಅದನ್ನಾಡಿದವರು ಎಷ್ಟೇ ಹಿರಿಯರಾಗಿದ್ದರೂ ಮಗುವಿನ ಎದುರಿಗೇ ‘ಹಾಗೇನಿಲ್ಲ’ ಎಂದು ಹೇಳಲೇಬೇಕು.

ಬಾಣಂತನ ಎಲ್ಲಿ ಎಂಬ ಪ್ರಶ್ನೆ ಎಂಟನೆಯ ತಿಂಗಳಿನೊಳಗೆ ಇತ್ಯರ್ಥವಾಗಲಿ. ಮೊದಲನೆಯದು ತವರಿನಲ್ಲಿ ಆಗಿರುವುದೇ ಹೆಚ್ಚು. ಈ ಸಲ ಸಾಧ್ಯವಿದ್ದರೆ ನಿಮ್ಮ ತಾಯಿಯನ್ನೇ ಇಲ್ಲಿಗೆ ಕರೆಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ದೊಡ್ಡ ಮಗುವಿಗೆ ತಾಯಿಯ ಮಡಿಲಿನ ಜೊತೆಗೆ ಅಪ್ಪನೂ ಮನೆಯೂ ಒಟ್ಟಿಗೆ ತಪ್ಪುವುದಿಲ್ಲ. ತವರಿಗೇ ಹೋಗುವುದಾದರೆ ಹೆರಿಗೆಯ ಹೊತ್ತಿಗೆ ಮಗು ಅಲ್ಲಿ ಒಗ್ಗಿಕೊಂಡಿರುವಂತೆ ಮುಂಚೆಯೇ ಹೋಗಿ. ಎರಡನೆಯ ಹೆರಿಗೆ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಬೇಗ ಮುಗಿಯುವುದರಿಂದ, ಹೋದ ಸಲದಂತೆ ಮನೆಯಲ್ಲೇ ನೋವು ಎಣಿಸುತ್ತಾ ಕೂರಬೇಡಿ. ರಾತ್ರಿ ಎರಡು ಗಂಟೆಗೆ ನೋವು ಬಂದರೆ ಮಲಗಿರುವ ಮಗುವಿನ ಪಕ್ಕ ಯಾರು ಬಂದು ಮಲಗುತ್ತಾರೆ, ಅವರು ಬರುವಷ್ಟರಲ್ಲಿ ಪಕ್ಕದ ಮನೆಯ ಯಾರನ್ನು ಎಬ್ಬಿಸಬೇಕು, ಕೀಲಿ ಎಲ್ಲಿ ಎಂಬುದನ್ನು ಮೊದಲೇ ಮಾತಾಡಿಟ್ಟಿರಿ. 108ಕ್ಕೆ ಕರೆ ಮಾಡಬೇಕಾದವರು ಯಾರೆಂಬುದೂ ನಿಗದಿಯಾಗಿರಲಿ. ರಕ್ತ ಅಥವಾ ನೀರು ಹೋಗುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು: ಇವುಗಳಲ್ಲಿ ಯಾವುದು ಕಂಡರೂ, ದೊಡ್ಡ ಮಗುವನ್ನು ಎಲ್ಲಿ ಬಿಡುವುದೆಂಬ ಯೋಚನೆಯಲ್ಲಿ ಹೊತ್ತು ಕಳೆಯಬಾರದು, ಅಗತ್ಯವಿದ್ದರೆ ಜೊತೆಗೇ ಕರೆದೊಯ್ಯಿರಿ.

ದೊಡ್ಡ ಮಗು ಮೊದಲ ಬಾರಿ ನೋಡಲು ಬಂದಾಗ ಕೂಸು ತೊಟ್ಟಿಲಲ್ಲಿರಲಿ, ನಿಮ್ಮ ತೋಳು ಖಾಲಿಯಿರಲಿ. ಮನೆಗೆ ಬಂದ ಮೇಲೆ ಬಾಣಂತಿ ಕೋಣೆಯ ಬಾಗಿಲನ್ನು ಅದಕ್ಕೆ ಮುಚ್ಚಬೇಡಿ. ಕೈ ತೊಳೆದುಕೊಂಡು ಒಳಗೆ ಬರುವುದನ್ನು ಕಲಿಸಿ, ನೆಗಡಿ ಕೆಮ್ಮಿದ್ದಾಗ ಮಾತ್ರ ದೂರವಿಡಿ. ಆದರೆ ಕೂಸಿನ ಜೊತೆ ಅದೊಂದನ್ನೇ ಅರೆಗಳಿಗೆಯೂ ಬಿಡಬಾರದು, ಏಕೆಂದರೆ ಪ್ರೀತಿಯಿಂದಲೇ ತೊಟ್ಟಿಲನ್ನು ಗೋಡೆಗೆ ಬಡಿಯುವಷ್ಟು ತೂಗುವ ವಯಸ್ಸು ಅದು. ಹಾಲೂಡಿಸುವಾಗ ಹೊಟ್ಟೆ ಹಿಂಡುವಂತಹ ನೋವು ಮೊದಲ ಬಾಣಂತನಕ್ಕಿಂತ ಹೆಚ್ಚಿರುತ್ತದೆ. ಗರ್ಭಕೋಶ ಕುಗ್ಗುತ್ತಿರುವುದರ ಗುರುತಾದ ಅದು ಕೆಲವು ದಿನಗಳಲ್ಲಿ ಇಳಿಯುತ್ತದೆ. ದೊಡ್ಡದು ಬಿಟ್ಟಿದ್ದ ಬಾಟಲಿಯನ್ನು ಮತ್ತೆ ಕೇಳಬಹುದು, ಹಾಸಿಗೆ ಒದ್ದೆ ಮಾಡಬಹುದು. ಗದರಿಸದೆ ಹಾಸಿಗೆಯ ಮೇಲೆ ರಬ್ಬರ್ ಹಾಳೆ ಹಾಸಿ ಕೆಲವು ವಾರ ಕಳೆಯಿರಿ.

ಆರನೆಯ ವಾರದಲ್ಲಿ ಕೂಸಿನ ಲಸಿಕೆಗೆ ಹೋಗುವಾಗ ದೊಡ್ಡದರ ಕಾರ್ಡನ್ನೂ ಚೀಲದಲ್ಲಿ ಹಾಕಿಕೊಳ್ಳಿ. 16ರಿಂದ 24 ತಿಂಗಳೊಳಗೆ ಕೊಡಿಸಬೇಕಾದ ದಡಾರ-ರುಬೆಲ್ಲಾದ ಎರಡನೆಯ ಡೋಸ್ ಮತ್ತು ಡಿ.ಪಿ.ಟಿ. ಬೂಸ್ಟರ್, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕುಡಿಸುವ ವಿಟಮಿನ್ ಎ ದ್ರಾವಣ, ಈ ಗಡಿಬಿಡಿಯಲ್ಲೇ ತಪ್ಪಿಹೋಗುವಂಥವು. ನಿಮ್ಮ ತಪಾಸಣೆಯನ್ನೂ ಅದೇ ದಿನ ಮಾಡಿಸಿ, ಮುಂದಿನ ಗರ್ಭನಿರೋಧಕದ ವಿಚಾರವನ್ನು ಕೇಳಿ. ಎರಡು ವಾರಗಳಿಂದ ಅಳು ಬರುತ್ತಲೇ ಇದ್ದರೆ ಅಥವಾ ಯಾವ ಮಗುವಿನ ಮೇಲೂ ಮನಸ್ಸಿಲ್ಲವೆನಿಸುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಅದಕ್ಕೆ ಚಿಕಿತ್ಸೆಯಿದೆ. ಸರದಿಯಲ್ಲಿ ಕಾಯುವಾಗ ಕೂಸನ್ನು ಅಜ್ಜಿ ಎತ್ತಿಕೊಳ್ಳಲಿ, ದೊಡ್ಡದು ನಿಮ್ಮ ಮಡಿಲಲ್ಲಿ ಕೂತಿರಲಿ.