ಪುಸ್ತಕ ಮುಚ್ಚಿ ಓದುವ ಅಭ್ಯಾಸ

ಮರೆವಿನಲ್ಲಿ ಎರಡು ಬಗೆ. ಒಂದರಲ್ಲಿ ವಿಷಯ ತಲೆಗೆ ಹೋಗಿಯೇ ಇರುವುದಿಲ್ಲ. ಇನ್ನೊಂದರಲ್ಲಿ ಹೋಗಿರುತ್ತದೆ, ಬೇಕಾದಾಗ ಬಾಯಿಗೆ ಬರುವುದಿಲ್ಲ. ಕೆಲಸ ಮಾಡಿಕೊಂಡೇ ಒಂದು ಪರೀಕ್ಷೆಗೆ ಓದಬೇಕಾಗಿ ಬಂದಾಗ ನಾನು ಇವೆರಡನ್ನು ಬೇರೆ ಬೇರೆ ಮಾಡಿ ನೋಡಲು ಶುರು ಮಾಡಿದೆ. ಒಂದಕ್ಕೆ ಹಾಕುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ನನಗೆ ಜಾಸ್ತಿ ಉಪಯೋಗವಾದದ್ದು ಎರಡನೆಯದರ ಅಭ್ಯಾಸ. ಅದನ್ನೇ ಮೊದಲು ಹೇಳುತ್ತೇನೆ.

ಓದಿದ್ದನ್ನೇ ತಿರುಗಿ ಓದುವುದು ಎಲ್ಲರ ರೂಢಿ. ಎರಡನೇ ಸಲಕ್ಕೆ ಸಾಲುಗಳೆಲ್ಲ ಪರಿಚಯದವು ಅನ್ನಿಸುತ್ತವೆ. ‘ಓ, ಇದು ಗೊತ್ತಲ್ಲ’ ಅಂದುಕೊಂಡು ಪುಟ ತಿರುಗಿಸುತ್ತೇವೆ. ಆದರೆ ನೋಡಿ ಗುರುತು ಹಿಡಿಯುವುದು ಬೇರೆ, ನೋಡದೆ ಹೇಳುವುದು ಬೇರೆ. ಪರೀಕ್ಷೆಯಲ್ಲಾಗಲಿ ಮೀಟಿಂಗಿನಲ್ಲಾಗಲಿ ಬೇಕಾಗುವುದು ನೋಡದೆ ಹೇಳುವುದೇ ಅಲ್ವಾ? ಹಾಗಾಗಿ ನಾನು ಎರಡು ಮೂರು ಪುಟ ಓದಿ ಪುಸ್ತಕ ಮುಚ್ಚಿಬಿಡುತ್ತಿದ್ದೆ. ನೆನಪಿಗೆ ಬಂದದ್ದನ್ನೆಲ್ಲ ಖಾಲಿ ಹಾಳೆಯ ಮೇಲೆ ಗೀಚುತ್ತಿದ್ದೆ. ಅಂದ ಚೆಂದ ಏನೂ ಬೇಕಿಲ್ಲ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸುವುದು. ಮುಂದಿನ ಸಲ ಹಾಳೆ ತೆಗೆದಾಗ ಕಣ್ಣು ಮೊದಲು ಹೋಗುವುದು ಆ ಬಣ್ಣದ ಮೇಲೇ.

ಇದೇನು ಖುಷಿ ಕೊಡುವ ಕೆಲಸ ಅಲ್ಲ. ಅರ್ಧ ಹಾಳೆ ಖಾಲಿ ಉಳಿದಾಗ ಬೇಜಾರಾಗುತ್ತದೆ. ಆದರೆ ಆ ತಿಣುಕಾಟದಲ್ಲೇ ಲಾಭ ಇರುವುದು. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಇದನ್ನು ವಿದ್ಯಾರ್ಥಿಗಳ ಜೊತೆ ಪರೀಕ್ಷಿಸಿ ನೋಡಿದರು. ಐದು ನಿಮಿಷ ಬಿಟ್ಟು ಕೇಳಿದಾಗ ತಿರುಗಿ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪಾಠ ನೋಡದೆ ನೆನಪಿಸಿಕೊಂಡು ಬರೆದವರು ಅವರನ್ನು ದಾಟಿದ್ದರು. ಹಿಂದಿನ ರಾತ್ರಿ ಕೂತು ಓದಿದ್ದು ಮರುದಿನಕ್ಕೆ ಹೇಗೋ ಬಂದು, ಮುಂದಿನ ತಿಂಗಳಿಗೆ ಮಾಯವಾಗುವುದು ಇದೇ ಕಾರಣಕ್ಕೆ ಇರಬೇಕು.

ಇನ್ನು ಎಷ್ಟು ದಿನಕ್ಕೊಮ್ಮೆ ನೆನಪಿಸಿಕೊಳ್ಳಬೇಕು? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಪುಟ್ಟ ಪುಟ್ಟ ಪದಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆತುಹೋಗುತ್ತದೆ ಅಂತ ಅಳೆದಿದ್ದ. ಅದನ್ನು ಪ್ರಕಟಿಸಿದ್ದು 1885ರಲ್ಲಿ. ಎಂಥ ತಾಳ್ಮೆಯೋ! ಅವನು ಕಂಡಂತೆ ಮರೆವು ಮೊದಲ ದಿನವೇ ಜೋರು, ಆಮೇಲೆ ನಿಧಾನ. ಒಂದೇ ದಿನ ಉರು ಹೊಡೆಯುವುದಕ್ಕಿಂತ ಬೇರೆ ಬೇರೆ ದಿನಗಳಿಗೆ ಹಂಚಿಕೊಂಡರೆ ಕಡಿಮೆ ಸಲ ಸಾಕಾಗುತ್ತದೆ. ನಾನು ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಅಂತ ಇಟ್ಟುಕೊಂಡೆ. ಹಾಳೆಯ ಮೂಲೆಯಲ್ಲಿ ಮುಂದಿನ ತಾರೀಖು ಬರೆದಿಟ್ಟರೆ ಆಯಿತು. ಒಂದೆರಡು ದಿನ ಹಿಂದೆ ಮುಂದೆ ಆದರೂ ಏನೂ ಮುಳುಗಿಹೋಗುವುದಿಲ್ಲ. ಇದಕ್ಕೆಂದೇ ಆಂಕಿಯಂಥ ಆ್ಯಪ್‌ಗಳಿವೆ. ನನಗೆ ಕಾಗದವೇ ಹಿಡಿಸಿತು.

ಜನರ ಹೆಸರಿಗೂ ಇದೇ ಉಪಾಯ. ಹೊಸಬರು ಹೆಸರು ಹೇಳಿದರೆ ಹೊರಡುವಾಗ ಅದನ್ನು ಸೇರಿಸಿಯೇ ಮಾತಾಡುತ್ತೇನೆ. ಸಂಜೆ ಒಮ್ಮೆ ಮುಖ ನೆನೆದು ಹೆಸರು ಹುಡುಕುತ್ತೇನೆ.

ಮೊದಲನೇ ಬಗೆಗೆ ಬರೋಣ. ಬೀಗದ ಕೈ, ಕನ್ನಡಕ, ಒಲೆ ಆರಿಸಿದೆನೋ ಇಲ್ಲವೋ ಅನ್ನುವ ಅನುಮಾನ. ಇವುಗಳಲ್ಲಿ ನೆನಪಿನ ತಪ್ಪೇನಿಲ್ಲ. ಆ ಹೊತ್ತಿಗೆ ಗಮನ ಇನ್ನೆಲ್ಲೋ ಇರುತ್ತದೆ. ಬೀಗದ ಕೈಗೆ ಒಂದು ಮೊಳೆ ಹೊಡೆದರೆ ಅಲ್ಲಿಗೆ ಮುಗಿಯಿತು. ಉಳಿದದ್ದಕ್ಕೆ ನಾನು ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ: ‘ಒಲೆ ಆರಿಸಿದೆ’, ‘ಕನ್ನಡಕ ಕಪಾಟಿನ ಮೇಲಿಟ್ಟೆ’. ಮನೆಯವರು ನಗುತ್ತಾರೆ. ನಗಲಿ ಬಿಡಿ.

ಕೂತು ಮಾಡುವ ಕೆಲಸದಲ್ಲಿ ಫೋನು ಸೈಲೆಂಟ್ ಆದರೆ ಸಾಲದು. ಮೇಜಿನ ಮೇಲಿದ್ದರೆ ಕೈ ತಾನಾಗಿ ಹೋಗುತ್ತದೆ. ಬೇರೆ ಕೋಣೆಯಲ್ಲಿಟ್ಟರೆ ಎದ್ದು ಹೋಗುವ ಸೋಮಾರಿತನವೇ ನಮ್ಮನ್ನು ಕಾಯುತ್ತದೆ. ನಡುವೆ ಯಾವುದೋ ಬೇರೆ ಕೆಲಸ ನೆನಪಾದರೆ ಪಕ್ಕದ ಚೀಟಿಯಲ್ಲಿ ಗುರುತು ಹಾಕಿಕೊಂಡು ಮುಂದುವರಿಯುತ್ತೇನೆ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳಬೇಕಾದರೆ, ‘ಮುಂದೆ ಇಲ್ಲಿಂದ’ ಅಂತ ಒಂದು ಸಾಲು ಬರೆದೇ ಏಳುವುದು. ಬಿಟ್ಟುಬಂದ ಕೆಲಸದ ಗುಂಗು ಮುಂದಿನ ಕೆಲಸಕ್ಕೂ ಅಂಟಿಕೊಂಡು ಬರುತ್ತದಲ್ಲ, ಇದರಿಂದ ಅದು ಎಷ್ಟೋ ಕಡಿಮೆಯಾಗುತ್ತದೆ. ಇಪ್ಪತ್ತೈದು ನಿಮಿಷಕ್ಕೆ ಅಲಾರಂ ಇಟ್ಟು ಕೂರುವ ಪೊಮೊಡೊರೊ ಪದ್ಧತಿ, ಶುರು ಮಾಡಲು ಮನಸ್ಸಿಲ್ಲದ ದಿನ ಚೆನ್ನಾಗಿದೆ. ಓದು ಹಿಡಿತಕ್ಕೆ ಸಿಕ್ಕ ದಿನ ಮಾತ್ರ ಆ ಅಲಾರಂನಷ್ಟು ಶತ್ರು ಇನ್ನೊಂದಿಲ್ಲ.

ನಿದ್ದೆ ಬಿಟ್ಟು ಓದುವುದನ್ನು ನಾನು ಪೂರ್ತಿ ನಿಲ್ಲಿಸಿದೆ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ. ಅದನ್ನು ಕತ್ತರಿಸಿ ಇನ್ನಷ್ಟು ತುಂಬಿಕೊಳ್ಳುವುದರಲ್ಲಿ ಅರ್ಥವಿಲ್ಲ. ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು. ಕುಡಿದ ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ಹಾಗಾಗಿ ಮಧ್ಯಾಹ್ನದ ಮೇಲೆ ಕಾಫಿ ಇಲ್ಲ. ಸಂಜೆಯ ನಡಿಗೆಗೆ ಇಯರ್‌ಫೋನ್ ಒಯ್ಯುವುದಿಲ್ಲ. ಬೆಳಿಗ್ಗೆ ಓದಿದ್ದನ್ನು ಹಾಳೆಯಿಲ್ಲದೆ ನೆನಪಿಸಿಕೊಳ್ಳಲು ಅದೇ ಒಳ್ಳೆಯ ಹೊತ್ತು.

ಮೆದುಳು ಚುರುಕು ಮಾಡುವ ಆಟಗಳನ್ನೂ ಆಡಿ ನೋಡಿದೆ. ಆ ಆಟದಲ್ಲಿ ಚುರುಕಾದೆ ಅಷ್ಟೇ. ಇನ್ನು, ಮರೆವು ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಅಭ್ಯಾಸಗಳನ್ನು ನೆಚ್ಚಿ ಕೂರದೆ ಡಾಕ್ಟರ ಹತ್ತಿರ ಹೋಗಿ. ಬಿ12 ಕೊರತೆಯಿಂದಲೂ ಥೈರಾಯ್ಡ್ ತೊಂದರೆಯಿಂದಲೂ ಹಾಗಾಗುವುದುಂಟು. ಅವಕ್ಕೆ ರಕ್ತಪರೀಕ್ಷೆಯೂ ಇದೆ, ಚಿಕಿತ್ಸೆಯೂ ಇದೆ.

ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳಬೇಕು ಅನ್ನುವ ಹಟ ನನಗಿಲ್ಲ. ಬಿಲ್ ಕಟ್ಟುವ ದಿನ, ಹುಟ್ಟುಹಬ್ಬ, ಪಾಸ್‌ವರ್ಡ್ ಇವೆಲ್ಲ ಫೋನಿನ ಪಾಲಿಗೆ. ಮನೆಯವರ ಎರಡು ನಂಬರ್ ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೇನೆ, ಫೋನೇ ಕಳೆದುಹೋದ ದಿನಕ್ಕೆ ಬೇಕಾಗುತ್ತದೆ ಅಂತ.