ಗೆಲ್ಲದ ದಿನಗಳ ಲೆಕ್ಕ: ಒಬ್ಬನೇ ಸವಾರ ಆಳಿದ ಸೀಸನ್ ಅನ್ನು ಅಳೆಯುವುದು ಹೇಗೆ

ಮಾರ್ಕ್ ಮಾರ್ಕೆಜ್ ಅವರ 2014 ದೊಡ್ಡದೋ, 2019 ದೊಡ್ಡದೋ? ಮಿಕ್ ಡೂಹನ್ ಅವರ 1997ರ ಪಕ್ಕದಲ್ಲಿ ಇವು ಎಲ್ಲಿ ನಿಲ್ಲುತ್ತವೆ? ಮೋಟಾರ್‌ಸೈಕಲ್ ರೇಸಿಂಗ್‌ನ ಅಗ್ರ ವಿಶ್ವ ಸರಣಿಯಾದ ಮೋಟೊಜಿಪಿ ನೋಡುವವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ, ಬಹುತೇಕ ಇತ್ಯರ್ಥವಾಗದೆ ಮುಗಿಯುತ್ತದೆ. ಮೂರು ಬೇರೆ ಪ್ರಶ್ನೆಗಳನ್ನು ಒಂದೇ ಎಂದುಕೊಂಡು ವಾದಿಸುವುದೇ ಇದಕ್ಕೆ ಕಾರಣ. ಸಿಗಬಹುದಾಗಿದ್ದ ಅಂಕಗಳಲ್ಲಿ ಸವಾರ ಎಷ್ಟನ್ನು ಬಾಚಿಕೊಂಡ? ಅದೇ ಬೈಕ್ ಓಡಿಸಿದ ಉಳಿದವರಿಗಿಂತ ಎಷ್ಟು ಮುಂದಿದ್ದ? ಎದುರಿಗಿದ್ದವರು ಎಂಥವರು? ಇವುಗಳಲ್ಲಿ ಯಾವುದಕ್ಕೆ ಉತ್ತರ ಹುಡುಕುತ್ತಿದ್ದೀರಿ ಎಂದು ಮೊದಲೇ ಹೇಳಿಕೊಂಡು ಕೂತರೆ ಅರ್ಧ ಜಗಳ ಅಲ್ಲೇ ಕರಗುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಸೀಸನ್ನಿನ ಪ್ರತಿ ರೇಸಿನ ಫಲಿತಾಂಶ, ಲೆಕ್ಕ ಹಾಕಲು ಒಂದು ಸ್ಪ್ರೆಡ್‌ಶೀಟ್, ಮತ್ತು ಇತ್ತೀಚಿನ ವರ್ಷಗಳ ರೇಸ್ ಆದರೆ ಅಧಿಕೃತ ಲ್ಯಾಪ್ ವಿಶ್ಲೇಷಣೆಯ ಪಿಡಿಎಫ್.

ಮೊದಲು ಶೇಕಡಾವಾರು

ಒಟ್ಟು ಅಂಕಗಳನ್ನು ನೇರವಾಗಿ ಹೋಲಿಸಬೇಡಿ. ರೇಸುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗಿದೆ. 2023ರಿಂದ ಸ್ಪ್ರಿಂಟ್ ಎಂಬ ಶನಿವಾರದ ಚಿಕ್ಕ ರೇಸ್ ಕೂಡ ಸೇರಿ, ಒಂದು ವಾರಾಂತ್ಯಕ್ಕೆ ಸಿಗಬಹುದಾದ ಗರಿಷ್ಠ ಅಂಕ 25ರಿಂದ 37ಕ್ಕೆ ಏರಿದೆ. ಹಾಗಾಗಿ ಪಡೆದ ಅಂಕವನ್ನು ಗರಿಷ್ಠ ಅಂಕದಿಂದ ಭಾಗಿಸಿ. ಗೆದ್ದವರಿಗೆ 25, ಎರಡನೆಯವರಿಗೆ 20, ಮೂರನೆಯವರಿಗೆ 16 ಎಂಬ ಕ್ರಮ 1993ರಿಂದ ಇದೆ. ಆದ್ದರಿಂದ ಅಲ್ಲಿಂದೀಚಿನ ಸೀಸನ್‌ಗಳಿಗೆ ಈ ಭಾಗಾಕಾರ ಸಾಕು.

ಡೂಹನ್ 1997ರಲ್ಲಿ 15 ರೇಸುಗಳಿಂದ 340 ಅಂಕ ಗಳಿಸಿದರು, ಅಂದರೆ ಶೇ 90.7. ವ್ಯಾಲೆಂಟಿನೊ ರೊಸ್ಸಿ 2003ರಲ್ಲಿ 16 ರೇಸುಗಳಿಂದ 357, ಶೇ 89.3. ಮಾರ್ಕೆಜ್ 2019ರಲ್ಲಿ 19 ರೇಸುಗಳಿಂದ 420, ಶೇ 88.4. ರೊಸ್ಸಿಯವರ 2005ರ 367 ಅಂಕ 17 ರೇಸುಗಳಿಗೆ ಶೇ 86.4 ಆಗುತ್ತದೆ. ಮೊದಲ ಹತ್ತು ರೇಸುಗಳನ್ನು ಸಾಲಾಗಿ ಗೆದ್ದ, ಒಟ್ಟು 13 ಗೆಲುವುಗಳ 2014 ಇವೆಲ್ಲಕ್ಕಿಂತ ಮೇಲಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ 18 ರೇಸುಗಳಿಂದ ಬಂದದ್ದು 362 ಅಂಕ, ಶೇ 80.4 ಮಾತ್ರ.

ಈ ಅಚ್ಚರಿ ಎಲ್ಲಿಂದ ಬಂತು ಎಂದು ಹುಡುಕಿದರೆ ಮುಂದಿನ ಹೆಜ್ಜೆ ಸಿಗುತ್ತದೆ. ಇಡೀ ವಿಧಾನದಲ್ಲಿ ಅತಿ ಹೆಚ್ಚು ಹೇಳುವ ಹೆಜ್ಜೆಯೂ ಅದೇ.

ಗೆಲ್ಲದ ದಿನ ಏನಾಯಿತು

ಗೆದ್ದ ರೇಸುಗಳನ್ನು ಪಟ್ಟಿಯಿಂದ ತೆಗೆದುಹಾಕಿ. ಉಳಿದ ರೇಸುಗಳ ಅಂಕ ಕೂಡಿಸಿ, ಆ ರೇಸುಗಳ ಸಂಖ್ಯೆಯಿಂದ ಭಾಗಿಸಿ. ಬೈಕ್ ಹೊಂದದ, ಟೈರ್ ಒಗ್ಗದ, ಟ್ರ್ಯಾಕ್ ಒಲಿಯದ ದಿನ ಸವಾರ ಎಷ್ಟು ಉಳಿಸಿಕೊಂಡ ಎಂಬುದು ಇಲ್ಲಿ ಬಯಲಾಗುತ್ತದೆ.

2014ರಲ್ಲಿ ಮಾರ್ಕೆಜ್ ಗೆಲ್ಲದ ರೇಸುಗಳು ಐದು: ಬ್ರನೋದಲ್ಲಿ ನಾಲ್ಕನೇ ಸ್ಥಾನ, ಮಿಸಾನೊದಲ್ಲಿ ಬಿದ್ದೆದ್ದು 15ನೇ ಸ್ಥಾನ, ಅರಾಗೋನ್‌ನಲ್ಲಿ 13, ಮೊಟೆಗಿಯಲ್ಲಿ ಎರಡು, ಫಿಲಿಪ್ ಐಲ್ಯಾಂಡ್‌ನಲ್ಲಿ ಶೂನ್ಯ. ಒಟ್ಟು 37 ಅಂಕ, ಸರಾಸರಿ 7.4. 2019ರಲ್ಲಿ ಗೆಲ್ಲದ ರೇಸುಗಳು ಏಳು. ಆರರಲ್ಲಿ ಎರಡನೇ ಸ್ಥಾನ, ಆಸ್ಟಿನ್‌ನಲ್ಲಿ ಮುನ್ನಡೆಯಲ್ಲಿದ್ದಾಗ ಬಿದ್ದು ಶೂನ್ಯ. 120 ಅಂಕ, ಸರಾಸರಿ 17.1. ಐದು ವರ್ಷಗಳಲ್ಲಿ ಅದೇ ಸವಾರ ಕಲಿತದ್ದು ಏನು ಎಂಬುದನ್ನು ಈ ಎರಡು ಸಂಖ್ಯೆಗಳಿಗಿಂತ ಚೆನ್ನಾಗಿ ಬೇರೆ ಯಾವುದೂ ಹೇಳದು. ಗೆಲುವು ಒಂದು ಕಡಿಮೆಯಾದರೂ 2019 ಹೆಚ್ಚು ಬಿಗಿಯಾದ ಸೀಸನ್.

ರೊಸ್ಸಿಯವರ 2003 ಈ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುತ್ತದೆ. ಒಂಬತ್ತೇ ಗೆಲುವುಗಳಾದರೂ ಹದಿನಾರು ರೇಸುಗಳಲ್ಲೂ ಪೋಡಿಯಂ (ಮೊದಲ ಮೂರರಲ್ಲಿ ಒಂದು ಸ್ಥಾನ), ಗೆಲ್ಲದ ಏಳು ದಿನಗಳ ಸರಾಸರಿ 18.9. ಡೂಹನ್ ಅವರ 1997ಕ್ಕೆ 13.3 ಬರುತ್ತದೆ. ಆದರೆ ಅಲ್ಲಿ ಗೆಲ್ಲದ ರೇಸುಗಳೇ ಮೂರು. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಒಂದು ಬೀಳುವಿಕೆ ಸರಾಸರಿಯನ್ನು ಪಾತಾಳಕ್ಕೆ ತಳ್ಳುತ್ತದೆ. ಆದ್ದರಿಂದ ಗೆಲ್ಲದ ರೇಸುಗಳು ಐದಕ್ಕಿಂತ ಕಡಿಮೆ ಇದ್ದಾಗ ಸರಾಸರಿಯನ್ನು ಮುಂದಿಡದೆ, ರೇಸುಗಳನ್ನೇ ಒಂದೊಂದಾಗಿ ಹೆಸರಿಸಿ.

ಗಾಯದಿಂದ ಮೊಟಕಾದ ಸೀಸನ್

2025 ಇದಕ್ಕೆ ಒಳ್ಳೆಯ ಪಾಠ. ಅಂತಿಮ ಪಟ್ಟಿ ನೋಡಿದರೆ ಮಾರ್ಕೆಜ್ 545, ತಮ್ಮ ಅಲೆಕ್ಸ್ 467, ಅಂತರ 78. ಗರಿಷ್ಠ 814ರಲ್ಲಿ 545 ಅಂದರೆ ಶೇ 67. ಇದನ್ನೇ ಹಿಡಿದು ‘ಅಂಥ ದೊಡ್ಡ ಸೀಸನ್ ಏನಲ್ಲ’ ಎನ್ನುವವರಿದ್ದಾರೆ. ನಡೆದದ್ದು ಬೇರೆ. ಮೊಟೆಗಿಯಲ್ಲಿ, ಇನ್ನೂ ಐದು ರೇಸ್ ವಾರಾಂತ್ಯಗಳು ಬಾಕಿ ಇರುವಾಗಲೇ ಪ್ರಶಸ್ತಿ ನಿರ್ಧಾರವಾಗಿತ್ತು. ಮುಂದಿನ ವಾರಾಂತ್ಯ ಮಂಡಲಿಕಾದಲ್ಲಿ ಡಿಕ್ಕಿಯಾಗಿ ಭುಜಕ್ಕೆ ಪೆಟ್ಟಾಯಿತು, ಕೊನೆಯ ನಾಲ್ಕು ವಾರಾಂತ್ಯಗಳಿಗೆ ಅವರು ಬರಲೇ ಇಲ್ಲ.

ಇಂಥ ಸೀಸನ್‌ಗೆ ಎರಡು ಸಾಲು ಬರೆಯಿರಿ: ಒಂದು ಪ್ರಶಸ್ತಿ ನಿರ್ಧಾರವಾದ ದಿನದವರೆಗೆ, ಇನ್ನೊಂದು ಕೊನೆಯವರೆಗೆ. ಮೊಟೆಗಿಯ ಹೊತ್ತಿಗೆ 629ರಲ್ಲಿ 541, ಶೇ 86; ಅಂತರ 201. ಎರಡನ್ನೂ ತೋರಿಸುವುದೇ ಪ್ರಾಮಾಣಿಕ ಕೆಲಸ. ಹಾಗೆಂದು ಗಾಯದಿಂದ ತಪ್ಪಿದ ರೇಸುಗಳಿಗೆ ‘ಬಂದಿದ್ದರೆ ಇಷ್ಟು ಸಿಗುತ್ತಿತ್ತು’ ಎಂದು ಅಂಕ ತುಂಬಬೇಡಿ. ಓಡದ ರೇಸಿಗೆ ಅಂಕವಿಲ್ಲ.

ಸ್ಪ್ರಿಂಟ್‌ಗೆ ಬೇರೆ ಹಾಳೆ

ಶನಿವಾರದ ಸ್ಪ್ರಿಂಟ್ ಸುಮಾರು ಅರ್ಧ ದೂರದ್ದು. ಮೊದಲ ಒಂಬತ್ತು ಸವಾರರಿಗೆ 12, 9, 7, ಆಮೇಲೆ 6ರಿಂದ 1ರವರೆಗೆ ಅಂಕ. ಸ್ಪ್ರಿಂಟ್ ಗೆದ್ದರೆ ಅದು ಗ್ರ್ಯಾನ್ ಪ್ರಿ, ಅಂದರೆ ವಾರಾಂತ್ಯದ ಮುಖ್ಯ ರೇಸಿನ ಗೆಲುವುಗಳ ದಾಖಲೆಗೆ ಸೇರುವುದಿಲ್ಲ. 2025ರ ಸಾಧನೆಯನ್ನು ‘25 ಗೆಲುವು’ ಎಂದು ಬರೆದು ಡೂಹನ್ ಅವರ 12ರ ಪಕ್ಕ ಇಡುವುದು ತಪ್ಪು. ಅದು 11 ಗ್ರ್ಯಾನ್ ಪ್ರಿ ಮತ್ತು 14 ಸ್ಪ್ರಿಂಟ್.

ಹಾಗೆಂದು ಶನಿವಾರವನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. 2024ರಲ್ಲಿ ಫ್ರಾನ್ಸೆಸ್ಕೊ ಬನ್ಯಾಯ 20 ಗ್ರ್ಯಾನ್ ಪ್ರಿಗಳಲ್ಲಿ 11 ಗೆದ್ದರು, ಹೋರ್ಹೆ ಮಾರ್ಟಿನ್ ಗೆದ್ದದ್ದು ಮೂರು. ಪ್ರಶಸ್ತಿ ಮಾತ್ರ ಮಾರ್ಟಿನ್‌ಗೆ, 508ಕ್ಕೆ 498. ಗೆಲುವಿನ ಸಂಖ್ಯೆಯನ್ನಷ್ಟೇ ನೋಡುವವರಿಗೆ ಇದು ಅನ್ಯಾಯದಂತೆ ಕಾಣುತ್ತದೆ. ಗೆಲ್ಲದ ದಿನಗಳ ಲೆಕ್ಕ ಹಾಕಿದವರಿಗೆ ಕಾರಣ ಕೂಡಲೇ ಕಾಣುತ್ತದೆ.

ಅದೇ ಬೈಕ್, ಬೇರೆ ಸವಾರ

‘ಗೆದ್ದದ್ದು ಬೈಕ್, ಸವಾರ ಅಲ್ಲ’ ಎಂಬ ಮಾತಿಗೆ ಉತ್ತರ ಅದೇ ಬೈಕ್ ಓಡಿಸಿದ ಬೇರೆಯವರಲ್ಲಿದೆ. 2007ರಲ್ಲಿ ಕೇಸಿ ಸ್ಟೋನರ್ ಡುಕಾಟಿಯಲ್ಲಿ 10 ರೇಸ್ ಗೆದ್ದು 367 ಅಂಕ ಗಳಿಸಿದಾಗ, ಬ್ರಿಜ್‌ಸ್ಟೋನ್ ಟೈರ್ ಮತ್ತು ಡುಕಾಟಿಯ ನೇರ ರಸ್ತೆಯ ವೇಗವೇ ಕಾರಣ ಎಂದು ಹಲವರು ಹೇಳಿದರು. ಅದೇ ಗ್ಯಾರೇಜಿನಲ್ಲಿ ಅದೇ ಬೈಕ್, ಅದೇ ಟೈರ್ ಇದ್ದ ಲೋರಿಸ್ ಕ್ಯಾಪಿರೋಸಿ ಗೆದ್ದದ್ದು ಒಂದು, ಗಳಿಸಿದ್ದು 166. ವಾದ ಅಲ್ಲಿಗೆ ನಿಲ್ಲಬೇಕು.

ಹೋಲಿಕೆಗೆ ಯಾರನ್ನು ಆರಿಸುತ್ತೀರಿ ಎಂಬುದರಲ್ಲಿ ಎಡವುವವರು ಬಹಳ. 2019ರ ರೆಪ್ಸೋಲ್ ಹೋಂಡಾದಲ್ಲಿ ಮಾರ್ಕೆಜ್ 420, ಹೋರ್ಹೆ ಲೊರೆನ್ಸೊ 28. ಕಣ್ಣು ಕುಕ್ಕುವ ಅಂತರ, ಆದರೆ ಬಳಸಬಾರದ ಅಂತರ: ಲೊರೆನ್ಸೊ ಗಾಯಗೊಂಡು ಕೆಲವು ರೇಸ್ ತಪ್ಪಿಸಿಕೊಂಡಿದ್ದರು, ಉಳಿದವುಗಳಲ್ಲೂ ನೋವಿನಲ್ಲೇ ಓಡಿಸಿದರು. ಅದರ ಬದಲು ಎಲ್‌ಸಿಆರ್ ತಂಡದ ಹೋಂಡಾದಲ್ಲಿದ್ದ ಕ್ಯಾಲ್ ಕ್ರಚ್ಲೊ ಅವರ 133 ಅಂಕ ತೆಗೆದುಕೊಳ್ಳಿ. ಅಷ್ಟಾದರೂ ಮೂರು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ ಉಳಿಯುತ್ತದೆ, ಯಾರೂ ಅದನ್ನು ಅಲ್ಲಗಳೆಯಲಾರರು.

ಇನ್ನೊಂದು ಎಚ್ಚರಿಕೆ, ಬೈಕಿನ ವರ್ಷದ ಬಗ್ಗೆ. 2025ರಲ್ಲಿ ಮಾರ್ಕ್ ಓಡಿಸಿದ್ದು ಆ ವರ್ಷದ ಡುಕಾಟಿ, ಗ್ರೆಸಿನಿ ತಂಡದ ಅಲೆಕ್ಸ್ ಓಡಿಸಿದ್ದು ಹಿಂದಿನ ವರ್ಷದ್ದು. ಹೊಸ ಬೈಕಿನಲ್ಲೇ ಇದ್ದ ಬನ್ಯಾಯ 288 ಅಂಕಗಳೊಂದಿಗೆ ಐದನೆಯವರಾದರು. ಹೊಸತೆಂದರೆ ಉತ್ತಮ ಎಂದು ಮೊದಲೇ ಊಹಿಸಿಕೊಂಡರೆ ಈ ಪಟ್ಟಿ ಅರ್ಥವಾಗುವುದಿಲ್ಲ. ಮುಂಚಕ್ರದ ಮೇಲೆ ನಂಬಿಕೆ ಬರದಿದ್ದರೆ, ತಡವಾಗಿ ಬ್ರೇಕ್ ಹಿಡಿದು ತಿರುವಿಗೆ ಇಳಿಯುವ ಶೈಲಿಯವರಿಗೆ ಅದೇ ಬೈಕ್ ಬೇರೆಯದೇ ಬೈಕ್ ಆಗಿಬಿಡುತ್ತದೆ. ಹಾಗಾಗಿ ಒಬ್ಬರ ಜೊತೆ ಮಾತ್ರ ಹೋಲಿಸಬೇಡಿ. ಅದೇ ಕಂಪನಿಯ ಬೈಕ್‌ಗಳಲ್ಲಿ ಪೂರ್ತಿ ಸೀಸನ್ ಓಡಿಸಿದ ಎಲ್ಲರನ್ನೂ ಸೇರಿಸಿ.

ಲ್ಯಾಪ್ ಹಾಳೆ ಓದುವುದು

ರೇಸ್ ಮುಗಿದ ಮೇಲೆ ಪ್ರಕಟವಾಗುವ ವಿಶ್ಲೇಷಣೆಯ ಹಾಳೆಯಲ್ಲಿ ಪ್ರತಿ ಸವಾರನ ಪ್ರತಿ ಲ್ಯಾಪ್, ಅದರ ನಾಲ್ಕು ಭಾಗಗಳ ಸಮಯ ಮತ್ತು ಗರಿಷ್ಠ ವೇಗ ಇರುತ್ತದೆ. ಇಬ್ಬರನ್ನು ಅಕ್ಕಪಕ್ಕ ಇಡಿ. ನಿಂತಲ್ಲಿಂದ ಹೊರಡುವ ಮೊದಲ ಲ್ಯಾಪ್, ಲಾಂಗ್ ಲ್ಯಾಪ್ ದಂಡ (ಶಿಕ್ಷೆಯಾಗಿ ಒಂದು ತಿರುವಿನಲ್ಲಿ ಉದ್ದದ ದಾರಿ ಹಿಡಿಯುವುದು) ತೀರಿಸಿದ ಲ್ಯಾಪ್, ಗೆಲುವು ಖಚಿತವಾಗಿ ವೇಗ ಇಳಿಸಿದ ಕೊನೆಯ ಲ್ಯಾಪ್ ಇವನ್ನು ಬಿಡಿ. ಉಳಿದ ಲ್ಯಾಪ್‌ಗಳ ವ್ಯತ್ಯಾಸಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ನಡುವಿನ ಬೆಲೆ ಹಿಡಿಯಿರಿ. ಸರಾಸರಿ ಬೇಡ, ಒಂದೇ ಒಂದು ತಪ್ಪು ತಿರುವು ಅದನ್ನು ಕೆಡಿಸುತ್ತದೆ. ಲ್ಯಾಪಿಗೆ 0.15 ಸೆಕೆಂಡ್ ಸಣ್ಣದಾಗಿ ಕಾಣಬಹುದು. 25 ಲ್ಯಾಪ್‌ಗಳಲ್ಲಿ ಅದು 3.75 ಸೆಕೆಂಡ್.

ರೇಸನ್ನು ಮೂರು ಭಾಗ ಮಾಡಿ ಪ್ರತ್ಯೇಕವಾಗಿ ನೋಡಿ. ಹೊರಡುವಾಗ ಬೈಕಿನಲ್ಲಿ 22 ಲೀಟರ್‌ವರೆಗೆ ಇಂಧನ, ಸುಮಾರು 16 ಕೆ.ಜಿ. ಅದು ಖಾಲಿಯಾದಂತೆ ಬೈಕ್ ಹಗುರಾಗುತ್ತದೆ, ಜೊತೆಗೇ ಹಿಂದಿನ ಟೈರ್ ಸವೆಯುತ್ತದೆ. ಕೊನೆಯ ಭಾಗದಲ್ಲೂ ಲ್ಯಾಪ್ ಸಮಯ ಹೆಚ್ಚದಿದ್ದರೆ ಅಲ್ಲಿ ಥ್ರಾಟಲ್ ಹಿಡಿದ ಸವಾರನ ಬಲಗೈಯ ಕೆಲಸವಿದೆ.

ಹಾಳೆ ಮೋಸ ಮಾಡುವ ಜಾಗವೂ ಇದೆ. ಮುಂದಿನ ಟೈರಿನ ಒತ್ತಡ ಗ್ರ್ಯಾನ್ ಪ್ರಿಯ ಕನಿಷ್ಠ ಶೇ 60ರಷ್ಟು ಲ್ಯಾಪ್‌ಗಳಲ್ಲಿ 1.8 ಬಾರ್‌ಗಿಂತ ಕೆಳಗಿರಬಾರದು. ತಪ್ಪಿದರೆ 16 ಸೆಕೆಂಡ್ ದಂಡ. ಒಬ್ಬನೇ ಮುಂದೆ ಓಡುವವನ ಟೈರಿಗೆ ತಣ್ಣನೆ ಗಾಳಿ ಬಡಿದು ಒತ್ತಡ ಇಳಿಯುತ್ತದೆ. ಹಿಂಬಾಲಿಸುವವನಿಗೆ ಮುಂದಿನ ಬೈಕಿನ ಬಿಸಿಗಾಳಿಯಿಂದ ಏರುತ್ತದೆ. 2025ರ ಬುರಿರಾಮ್‌ನಲ್ಲಿ ಮಾರ್ಕ್ ಮುನ್ನಡೆಯನ್ನು ತಾವಾಗಿಯೇ ಅಲೆಕ್ಸ್‌ಗೆ ಬಿಟ್ಟು, ಒತ್ತಡ ಏರುವವರೆಗೆ ಹಿಂದೆಯೇ ಉಳಿದು, ಮೂರು ಲ್ಯಾಪ್ ಬಾಕಿ ಇರುವಾಗ ಮತ್ತೆ ಮುಂದೆ ಹೋದರು. ಲ್ಯಾಪ್ ಹಾಳೆಯನ್ನಷ್ಟೇ ನೋಡಿದರೆ ಅದು ಸಮಬಲದ ಹೋರಾಟ. ಆದ್ದರಿಂದ ಒಂದು ಸೆಕೆಂಡಿಗಿಂತ ಹತ್ತಿರದಲ್ಲಿ ಇನ್ನೊಬ್ಬರ ಹಿಂದೆ ಕಳೆದ ಲ್ಯಾಪ್‌ಗಳಿಗೆ ಗುರುತು ಹಾಕಿ, ಅವನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಮಾಡಿ.

ಎದುರಾಳಿಗಳು

ಇದಕ್ಕೆ ಸಂಖ್ಯೆ ಕೊಡಲು ಹೋಗಬೇಡಿ, ಟಿಪ್ಪಣಿ ಬರೆಯಿರಿ. 1968ರಲ್ಲಿ ಜಾಕೊಮೊ ಅಗೋಸ್ಟಿನಿ ಎಂವಿ ಅಗಸ್ಟಾದಲ್ಲಿ ಮೋಟೊಜಿಪಿಗಿಂತ ಹಿಂದಿನ ಅಗ್ರ ವರ್ಗವಾದ 500 ಸಿಸಿಯ ಹತ್ತಕ್ಕೆ ಹತ್ತೂ ರೇಸ್ ಗೆದ್ದರು. ಹಿಂದಿನ ವರ್ಷದ ಕೊನೆಗೆ ಹೋಂಡಾ ಕಣ ಬಿಟ್ಟಿತ್ತು. 2002ರಲ್ಲಿ ರೊಸ್ಸಿ 11 ಗೆದ್ದಾಗ ಅವರದು 990 ಸಿಸಿಯ ಹೊಸ ನಾಲ್ಕು ಸ್ಟ್ರೋಕ್ ಹೋಂಡಾ, ಎದುರಿಗಿದ್ದ ಹಲವರದು 500 ಸಿಸಿಯ ಎರಡು ಸ್ಟ್ರೋಕ್. 2025ರಲ್ಲಿ ಹಾಲಿ ಚಾಂಪಿಯನ್ ಮಾರ್ಟಿನ್ ಗಾಯದಿಂದಾಗಿ ಬಹುಪಾಲು ಹೊರಗಿದ್ದರು. ಇವು ಗೆಲುವನ್ನು ಅಳಿಸುವುದಿಲ್ಲ, ಹೋಲಿಕೆಗೆ ಮಿತಿ ಹಾಕುತ್ತವೆ.

ಟ್ರ್ಯಾಕ್‌ಗಳ ಪಟ್ಟಿಯನ್ನೂ ಒಮ್ಮೆ ನೋಡಿ. ಎಡ ತಿರುವುಗಳೇ ಹೆಚ್ಚಿರುವ ಸಾಕ್ಸೆನ್‌ರಿಂಗ್, ಅರಾಗೋನ್, ಆಸ್ಟಿನ್‌ಗಳು ಮಾರ್ಕೆಜ್ ಅವರ ನೆಲ. ಅವನ್ನು ಬಿಟ್ಟೂ ಶೇಕಡಾವಾರು ಲೆಕ್ಕ ಮಾಡಿ, ಎಷ್ಟು ಇಳಿಯುತ್ತದೆ ನೋಡಿ. ಹೆಚ್ಚು ಇಳಿಯದಿದ್ದರೆ ‘ಅವನ ಟ್ರ್ಯಾಕ್‌ಗಳು’ ಎಂಬ ಆಕ್ಷೇಪ ಬಿದ್ದುಹೋಗುತ್ತದೆ.

ಸೀಸನ್ ಇನ್ನೂ ನಡೆಯುತ್ತಿರುವಾಗ ತೀರ್ಪು ಕೊಡಲು ಆತುರ ಬೇಡ. ಇನ್ನೊಂದು ಸರಣಿಯಾದ ವಿಶ್ವ ಸೂಪರ್‌ಬೈಕ್‌ನ 2019ರ ಸೀಸನ್‌ನಲ್ಲಿ ಆಲ್ವಾರೊ ಬೌಟಿಸ್ಟಾ ಹೊಸ ಡುಕಾಟಿಯಲ್ಲಿ ಮೊದಲ 11 ರೇಸುಗಳನ್ನೂ ಗೆದ್ದರು. ಆಗಲೂ ಜೊನಾಥನ್ ರೇ ಅವರ ಹಾಳೆಯಲ್ಲಿ ಸಾಲಾಗಿ ಎರಡನೇ ಸ್ಥಾನಗಳಿದ್ದವು. ಆಮೇಲೆ ಬೌಟಿಸ್ಟಾ ಒಂದರ ಹಿಂದೊಂದು ಬಿದ್ದರು, ಪ್ರಶಸ್ತಿ ಕವಾಸಾಕಿಯ ರೇ ಅವರದಾಯಿತು. ಅರ್ಧ ಸೀಸನ್ ಕಳೆಯುವವರೆಗೆ ಮುಂದಿರುವವನ ಗೆಲುವುಗಳ ಜೊತೆಗೆ ಎರಡನೆಯವನ ಗೆಲ್ಲದ ದಿನಗಳ ಸರಾಸರಿಯನ್ನೂ ಅದೇ ಹಾಳೆಯಲ್ಲಿ ಬರೆದಿಡುತ್ತಾ ಹೋಗಿ.