ಎಂಟನೇ ತರಗತಿಯ ಚೀಟಿ ನಿಘಂಟು

ಮೈಸೂರು ರಸ್ತೆ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಟೀಚರ್. ಎಂಟನೇ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ ‘ಅಪ್ಪ ಫೋನಿಗೆ ಕರೆನ್ಸಿ ಹಾಕಿಸಿದರು’ ಎಂದು ಬರೆದಿದ್ದಳು. ‘ಕರೆನ್ಸಿ’ಯ ಕೆಳಗೆ ಕೆಂಪು ಗೆರೆ ಎಳೆದೆ. ಅವಳು ಲೈಬ್ರರಿಯ ನಿಘಂಟು ತಿರುವಿಹಾಕಿ ಬಂದು, “ಇದ್ರಲ್ಲಿ ಇಲ್ಲ ಮಿಸ್. ಹಂಗಾದ್ರೆ ನಮ್ಮ ಏರಿಯಾದೋರೆಲ್ಲ ತಪ್ಪು ಮಾತಾಡ್ತಾರಾ?” ಎಂದು ಕೇಳಿದಳು.

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು. ಮರುದಿನ, ಜರ್ಮನಿಯಿಂದ ಬಂದು ಕನ್ನಡ ನಿಘಂಟು ಮಾಡಿದ ಪಾದ್ರಿ ಕಿಟೆಲ್ ಅವರ ಕಥೆ ಹೇಳಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಕಾವ್ಯದ ಮಾತಿನ ಜೊತೆಗೆ ಜನರ ಗಾದೆಗಳೂ ಇವೆ. ನಮ್ಮ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹೊರಬರಲು 1970ರಿಂದ 1995ರವರೆಗೆ ಹಿಡಿಯಿತು. ಅಲ್ಲಿ ಶಾಸನ, ಕಾವ್ಯಗಳಿಂದ ಬಳಕೆಯ ಸಾಲನ್ನು ಎತ್ತಿ ಕೊಡುತ್ತಾರೆ. ಜನ ಮೊದಲು ಆಡುತ್ತಾರೆ, ನಿಘಂಟು ಆಮೇಲೆ ಬರೆದುಕೊಳ್ಳುತ್ತದೆ. ಹಾಗಿದ್ದರೆ ನಾವೂ ಬರೆದುಕೊಳ್ಳೋಣ ಎಂದೆ.

ಮೊದಲ ವಾರ ಏನೂ ಸಿಗಲಿಲ್ಲ. ಒಬ್ಬರ ಪಟ್ಟಿ ನೋಡಿ ಇನ್ನೊಬ್ಬರು ಬರೆದು ತಂದಿದ್ದರು. ಆಮೇಲೆ ಕಟ್ಟುನಿಟ್ಟು ಮಾಡಿದೆ: ಒಂದು ಚೀಟಿಗೆ ಒಂದೇ ಪದ, ಕಿವಿಗೆ ಬಿದ್ದ ಪೂರ್ತಿ ವಾಕ್ಯ ಇರಬೇಕು, ಎಲ್ಲಿ, ಯಾವತ್ತು ಕೇಳಿದ್ದು ಅಂತ ಬರೆಯಬೇಕು. ತರಗತಿಯ ಹೊರಗೆ ಮೂರು ಜನರ ಬಾಯಲ್ಲಿ ಕೇಳಿದ ಮೇಲಷ್ಟೇ ಅದು ಡಬ್ಬಿಗೆ. ಗಾರ್ಮೆಂಟ್ಸಿಗೆ ಹೋಗುವ ತಾಯಂದಿರಿಂದ ‘ಓಟಿ’, ಅಂದರೆ ಓವರ್‌ಟೈಮ್, ಬಂತು: “ಇವತ್ತು ಓಟಿ ಐತೆ, ಅನ್ನ ಮಾಡಿಟ್ಟಿರು.” ‘ಮಿಸ್ ಕಾಲು’ ಬಂತು, ‘ಸ್ಟೇಟಸ್ ಹಾಕು’ ಬಂತು. ‘ಹಾಕು’ ಒಂದಕ್ಕೇ ಹನ್ನೊಂದು ಚೀಟಿ. ‘ಸಕ್ಕತ್’ಗೆ ಅರ್ಥ ಬರೆಯಲು ಒಂದು ಪೀರಿಯಡ್ ಪೂರ್ತಿ ಹೋಯಿತು. ‘ತುಂಬಾ’ ಅಂದರು, ‘ಚೆನ್ನಾಗಿ’ ಅಂದರು. “ಸಕ್ಕತ್ ಹೊಟ್ಟೆನೋವು ಅಂತಾರಲ್ಲ, ಅದೇನು ಚೆನ್ನಾಗಿರುತ್ತಾ?” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಆ ಚೀಟಿಗೆ ಎರಡು ಅರ್ಥ ಬರೆದೆವು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಮಾತ್ರ ಬೇರೆ. ಚೀಟಿಗಳನ್ನು ಜೋಡಿಸುತ್ತಿದ್ದಾಗ ಒಬ್ಬಳು, “ಬಸ್ಸು, ಪೆನ್ನು ಅಂತ ಒತ್ತಿ ಹೇಳ್ತೀವಿ. ಕಾರು, ಲೈಟು ಮಾತ್ರ ಯಾಕೆ ಹಂಗಿಲ್ಲ?” ಎಂದಳು. ಬೋರ್ಡಿನ ಮೇಲೆ ಹಳಗನ್ನಡದ ಕಲ್, ಕಣ್, ಕಾಲ್, ಪಾಲ್ ಬರೆದೆ. ಪಕ್ಕದಲ್ಲಿ ಅವರೇ ಬರೆದರು: ಕಲ್ಲು, ಕಣ್ಣು, ಕಾಲು, ಹಾಲು. ಹ್ರಸ್ವದ ಮುಂದೆ ವ್ಯಂಜನ ಇಮ್ಮಡಿಸುತ್ತದೆ, ದೀರ್ಘದ ಮುಂದೆ ಇಲ್ಲ. ಕಲ್ಲಿಗೆ ಏನಾಯಿತೋ ಬಸ್ಸಿಗೂ ಅದೇ ಆಗಿದೆ. ಎಲ್ಲಿಂದ ಬಂದ ಪದವಾದರೂ ಕನ್ನಡ ಅದನ್ನು ತನ್ನ ಪದ್ಧತಿಗೆ ಒಗ್ಗಿಸಿಕೊಂಡೇ ಒಳಗೆ ಬಿಟ್ಟುಕೊಳ್ಳುತ್ತದೆ. ವ್ಯಾಕರಣದ ಪಾಠದಲ್ಲಿ ಮಕ್ಕಳು ಅಷ್ಟು ಚುರುಕಾಗಿ ಕೈ ಎತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಹೊಸ ಪದ ಕಟ್ಟುವುದನ್ನೂ ಚರ್ಚಿಸಿದೆವು. ‘ಅಂತರ್ಜಾಲ’ ಮಕ್ಕಳಿಗೆ ಗೊತ್ತು, ಪತ್ರಿಕೆ ಅದನ್ನು ದಿನವೂ ಬಳಸುತ್ತದೆ. ‘ಗಣಕಯಂತ್ರ’ ಪುಸ್ತಕದಲ್ಲಿದೆ, ಆದರೆ ಒಂದು ಚೀಟಿಯೂ ಬರಲಿಲ್ಲ. ಹುಡುಕಿ ಎಂದು ಎರಡು ವಾರ ಕಳಿಸಿದರೂ ಬರಲಿಲ್ಲ. ಕಟ್ಟಿದವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ‘ಕಂಪ್ಯೂಟರು’ ಅಂದ ಮಗುವಿನ ಅಂಕ ಕಳೆಯುವುದನ್ನು ನಿಲ್ಲಿಸಿದ್ದೇನೆ.

ಪರೀಕ್ಷೆಯಲ್ಲಿ ಯಾವುದು ಬರೆಯಬೇಕು ಎಂದು ಪೋಷಕರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಪ್ರತಿ ಚೀಟಿಯ ಮೂಲೆಯಲ್ಲಿ ‘ಮಾತು’, ‘ಬರಹ’, ‘ಎರಡೂ’ ಎಂದು ಗುರುತು ಹಾಕಿಸತೊಡಗಿದೆ. ಯಾವ ಮಾತು ಎಲ್ಲಿಗೆ ಎಂಬುದನ್ನು ಮಕ್ಕಳು ನಾನಂದುಕೊಂಡದ್ದಕ್ಕಿಂತ ಚೆನ್ನಾಗಿ ಬಲ್ಲರು.

ಈ ವರ್ಷದ ಹೊಸ ಮಕ್ಕಳು ಡಬ್ಬಿ ತೆಗೆದು ‘ಕರೆನ್ಸಿ’ ಚೀಟಿ ಓದಿದರು. “ಹಿಂಗೆ ಯಾರೂ ಅನ್ನಲ್ಲ ಮಿಸ್, ರೀಚಾರ್ಜ್ ಅಂತಾರೆ” ಎಂದರು. ತೆಗೆದುಬಿಡೋಣವಾ ಎಂದು ಒಬ್ಬ ಕೇಳಿದ. ಬೇಡ ಎಂದೆ. ಹಳೆಯ ವಾಕ್ಯದ ಕೆಳಗೆ ತಾರೀಖು ಹಾಕಿ ಅವನೇ ಬರೆದ: ‘ನಮ್ಮ ಅಜ್ಜಿ ಈಗಲೂ ಅನ್ನುತ್ತಾರೆ.’